ಗೆಳತಿಯರು ಕೂಡಲಿಕ್ಕೆ ದೋಣಿಯೇ ಲೇಸು



ಗದಗ ಕಡೆಯ ಓದುಗ ಸೋದರಿಯೊಬ್ಬರು ಹೋದ ತಿಂಗಳು ಒಂದು ಪತ್ರ ಬರೆದಿದ್ದಾರೆ. "ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ 6 ಮಂದಿ ಗೆಳತಿಯರನ್ನು ನೋಡಿ 25 ವರ್ಷವಾಯಿತು. ಒಮ್ಮೆ ಎಲ್ಲರೂ ಕೂಡಬೇಕೆಂದು ಆಸೆ. ನಮ್ಮ ಮನೆಗೇ ಕರೆಯಲೇ? ಅಡುಗೆ ಏನೇನು ಮಾಡಲಿ?" ಎಂದು ಕೇಳಿದ್ದಾರೆ.

ಅಡುಗೆಯ ಮಾತು ಆಮೇಲೆ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮನೆಗೆ ಕರೆಯಬೇಡಿ. ಎಲ್ಲರೂ ಕೂಡಿ ಒಂದು ದೋಣಿ ಹತ್ತಿರಿ.

"ಇದೇನಿದು, ನಮ್ಮ ಕಡೆ ನಲ್ಲಿಯಲ್ಲಿ ನೀರು ಬರುವುದೇ ಕಷ್ಟ, ಈಕೆ ದೋಣಿ ಹತ್ತು ಅಂತಾಳೆ!" ಎಂದು ನಗಬೇಡಿ. ನಾನು ವಿಚಾರ ಮಾಡಿಯೇ ಹೇಳುತ್ತಿದ್ದೇನೆ.

ನಮ್ಮ ಕೌಜಲಗಿಯನ್ನೇ ತಗೊಳ್ಳಿ. ಗೋಕಾಕ ಸೀಮೆಯ ಊರು. ಶ್ರೀಕೃಷ್ಣ ಪಾರಿಜಾತದ ನಿಂಗಮ್ಮನ ಊರು ಎಂದರೆ ಬಯಲಾಟ ಬಲ್ಲವರಿಗೆಲ್ಲ ಗೊತ್ತು. ಸಂಜೆ ಆಯಿತೆಂದರೆ ಗಂಡಸರು ಕಟ್ಟೆಗೆ ಬಂದು ಕೂಡುತ್ತಾರೆ. ಅವರು ಯಾರು? ಚಡ್ಡಿ ಹಾಕಿಕೊಂಡು ಸಾಲೆಗೆ ಹೋದಾಗ ಜೊತೆಗಿದ್ದವರೇ. ಕೂದಲು ಬೆಳ್ಳಗಾಗಿವೆ, ಗೆಳೆತನ ಮಾತ್ರ ಹಾಗೇ ಇದೆ. ಅವರು ಅದಕ್ಕಾಗಿ ಏನೂ ಕಷ್ಟಪಡಬೇಕಾಗಿಲ್ಲ. ಮನೆಯಿಂದ ಕಟ್ಟೆಯವರೆಗೆ ನಡೆದು ಬಂದರೆ ಸಾಕು.

ಹೆಣ್ಣುಮಕ್ಕಳದು ಹಾಗಲ್ಲ. ಅಕ್ಕಿಕಾಳು ಬಿದ್ದ ಮರುದಿನ ಊರು ಬಿಡಬೇಕು. ಒಬ್ಬಾಕೆ ಮುಧೋಳಕ್ಕೆ, ಒಬ್ಬಾಕೆ ಸವದತ್ತಿಗೆ, ಇನ್ನೊಬ್ಬಾಕೆ ಪುಣೆಗೆ. ಅಲ್ಲಿ ಹೋದ ಮೇಲೆ ಆಕೆ ಇಂಥವರ ಸೊಸೆ, ಇಂಥವರ ಹೆಂಡತಿ, ಇಂಥವನ ತಾಯಿ. ಆಕೆಯ ಹೆಸರು ಹಿಡಿದು "ಏನ ಇಕಿ" ಎಂದು ಕರೆಯುವವರು ಆ ಊರಲ್ಲಿ ಒಬ್ಬರೂ ಇರುವುದಿಲ್ಲ. ಪಂಚಮಿಗೆ ತವರಿಗೆ ಬಂದಾಗ ಜೋಕಾಲಿಯ ಹತ್ತಿರ ಸಿಕ್ಕರೆ ಸಿಕ್ಕಳು, ಇಲ್ಲದಿದ್ದರೆ ಇಲ್ಲ. ಮಕ್ಕಳು ಸಾಲೆಗೆ ಹೋಗಲು ಶುರುವಾದ ಮೇಲೆ ಆ ಪಂಚಮಿಯೂ ತಪ್ಪುತ್ತದೆ. ತಾಯಿ ತೀರಿಕೊಂಡ ಮೇಲಂತೂ ತವರಿನ ಬಾಗಿಲಿಗೆ ಹೋಗುವುದೇ ಅಪರೂಪ. ಜಗಳವಾಡಿ ಕಳಕೊಂಡ ಗೆಳತಿಯರು ಕಡಿಮೆ. ಬಸ್ಸು ಹತ್ತಿ ಕಳಕೊಂಡವರೇ ಹೆಚ್ಚು.

ಮನೆ ಯಾಕೆ ಬೇಡ?

ಮನೆಗೆ ಕರೆದರೆ ಏನಾಗುತ್ತದೆ ನೋಡಿ. ಮನೆಯಾಕೆ ನಾಲ್ಕು ಗಂಟೆಗೆ ಎದ್ದು ಹೂರಣ ರುಬ್ಬುತ್ತಾಳೆ. ಬಂದವರು ಹೊರಗೆ ಕೂತು ಮಾತಾಡುತ್ತಾರೆ, ಈಕೆ ಒಳಗೆ ರೊಟ್ಟಿ ಬಡಿಯುತ್ತಾಳೆ. "ಬಾರ, ಕೂಡ" ಎಂದು ಕರೆದರೆ "ಬಂದೆ, ಇದೊಂದು ಒಲಿ ಇಳಿಸಿ ಬಂದೆ" ಅನ್ನುತ್ತಾಳೆ. 25 ವರ್ಷದ ಮೇಲೆ ಸಿಕ್ಕ ಗೆಳತಿಯರ ಜೊತೆ ಆಕೆಗೆ ಸಿಗುವುದು ಎಲೆ ಎತ್ತಿದ ಮೇಲಿನ ಅರ್ಧ ಗಂಟೆ.

ಇನ್ನೊಂದು ಮಾತೂ ಇದೆ. ಮನೆ ಅಂದ ಮೇಲೆ ಕಣ್ಣು ಗೋಡೆಯ ಮೇಲೆ ಹೋಗುತ್ತದೆ. ಸೋಫಾ ಇದೆಯೋ ಚಾಪೆ ಇದೆಯೋ, ಹೆಂಚೋ ಆರ್‌ಸಿಸಿಯೋ. ನೋಡುವವರಿಗೆ ಕೆಟ್ಟ ಮನಸ್ಸು ಇರಲಿಕ್ಕಿಲ್ಲ. ಆದರೆ ತೋರಿಸುವಾಕೆಗೆ ಮುಜುಗರ ಇರುತ್ತದೆ. ಚಿಕ್ಕ ಮನೆಯಾಕೆ ಮುಂದಿನ ಸಲ ಕರೆಯಲು ಹಿಂಜರಿಯುತ್ತಾಳೆ. ಅಲ್ಲಿಗೆ ಬಂದು ಹೋಗುವುದು ನಿಲ್ಲುತ್ತದೆ.

ಮದುವೆ ಮನೆಯಲ್ಲಿ ಕೂಡೋಣ ಎಂದರೆ ಅಲ್ಲಿ ಬೀಗರ ಸಡಗರ. ಗುಡಿಯಲ್ಲಿ ಕೂಡೋಣ ಎಂದರೆ ಪಾಳಿ ಹಚ್ಚಿ ದರ್ಶನ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ದೋಣಿಯಲ್ಲಿ ಹಾಗಿಲ್ಲ. ಅದು ಯಾರ ಮನೆಯೂ ಅಲ್ಲ. ಎಲ್ಲರಿಗೂ ಒಂದೇ ಹಲಗೆ. ಎದುರು ಬದುರು ಕೂಡಬೇಕು. ನಡುವೆ ಎದ್ದು ಒಳಗೆ ಹೋಗಲು ಒಳಗು ಎಂಬುದೇ ಇಲ್ಲ!

ನಾವು ಕೂಡಿದ್ದು

ನಾವು 1997ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತವರು. ಆ ವರ್ಷದವರಲ್ಲಿ 8 ಮಂದಿಯನ್ನು ಹುಡುಕಲು ಒಂದು ವರ್ಷ ಹಿಡಿಯಿತು. ಗಂಡುಮಕ್ಕಳನ್ನು ಹುಡುಕುವುದು ಸುಲಭ. ಹೆಣ್ಣುಮಕ್ಕಳ ಅಡ್ಡಹೆಸರು ಬದಲಾಗಿರುತ್ತದೆ, ಊರು ಬದಲಾಗಿರುತ್ತದೆ, ಫೋನು ಗಂಡನ ಹೆಸರಲ್ಲೋ ಮಗನ ಹೆಸರಲ್ಲೋ ಇರುತ್ತದೆ. ಹಿಂದೆ ಬಳೆಗಾರ ಊರೂರು ತಿರುಗುವಾಗ ತವರಿನ ಸುದ್ದಿ ತರುತ್ತಿದ್ದನಂತೆ. ಈಗ ಆ ಕೆಲಸವನ್ನು ಆಕೆಯ ತವರಿನ ಅತ್ತಿಗೆಯರು, ಅಣ್ಣತಮ್ಮಂದಿರು ಮಾಡಿಕೊಡಬೇಕು. ಆದ್ದರಿಂದ ಹುಡುಕುವವರು ಮೊದಲು ಗೆಳತಿಯ ತವರು ಮನೆಗೇ ಹೋಗಿ ಕೇಳಿ. ನಂಬರು ಸಿಕ್ಕ ಮೇಲೆ ಮಧ್ಯಾಹ್ನದ ಹೊತ್ತು ಫೋನು ಮಾಡಿ. ಬೇರೆಯವರು ಎತ್ತಿದರೆ "ತವರೂರಿನಾಕಿ ಮಾತಾಡ್ತೀನ್ರಿ" ಎಂದು ಹೇಳಿ. ತವರೂರು ಎಂದರೆ ಯಾರೂ ಫೋನು ಇಡುವುದಿಲ್ಲ.

ನಮ್ಮ ಪೈಕಿ ಒಬ್ಬಾಕೆ ಹೊನ್ನಾವರದಲ್ಲಿದ್ದಾಳೆ. ಗಂಡನಿಗೆ ಅಲ್ಲಿ ಕೆಲಸ. "ಎಲ್ಲಾರೂ ನಮ್ಮ ಮನಿಗೇ ಬರ್ರಿ" ಎಂದಳು. ಬರುವುದು ಬರುತ್ತೇವೆ, ಮನೆಗೆ ಬೇಡ, ನೀನೂ ನಮ್ಮ ಜೊತೆ ದೋಣಿ ಹತ್ತು ಎಂದೆವು. ಮೊದಲು ಸಿಟ್ಟಾದಳು. ಆಮೇಲೆ, "ಹಂಗಾರ ನಾ ಏನೂ ಅಡಗಿ ಮಾಡಬಾರದೇನು?" ಎಂದು ಕೇಳಿದಳು. ಬಾರದು ಎಂದೆವು. ಎರಡು ನಿಮಿಷ ಸುಮ್ಮನಿದ್ದು, "ಛಲೋ ಆತು ಬಿಡ್ರವಾ" ಎಂದಳು!

ರೊಕ್ಕದ ಮಾತು ಇಂಥ ಕಡೆ ಬಹಳ ನಾಜೂಕು. ನಮ್ಮಲ್ಲಿ ಒಬ್ಬಾಕೆ ಶಿಕ್ಷಕಿ, ಒಬ್ಬಾಕೆ ಅಂಗನವಾಡಿ ಸಹಾಯಕಿ, ಒಬ್ಬಾಕೆ ಹುಬ್ಬಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಉಳಿದವರು ಮನೆಯಲ್ಲೇ ಇರುವವರು. ಉಳ್ಳಾಕೆ "ಎಲ್ಲಾ ನಾನೇ ಕೊಡ್ತೀನಿ" ಎಂದರೆ ಇಲ್ಲದಾಕೆ ಬರುವುದೇ ಇಲ್ಲ. ಅದಕ್ಕೆ ನಾವು ಭಿಶಿ ಹಾಕಿದೆವು. ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು. ಚೀಟಿ ಎತ್ತುವುದಿಲ್ಲ, ಕೂಡಿಡುವುದು ಅಷ್ಟೇ. ಒಬ್ಬೊಬ್ಬರದು 2,000 ಆಯಿತು. ಅದರಲ್ಲಿ ಲಾಡ್ಜು, ಊಟ, ದೋಣಿ ಎಲ್ಲ ಮುಗಿಯಿತು. ಎಲ್ಲರದೂ ಸಮ, ಯಾರ ಉಪಕಾರವೂ ಯಾರ ಮೇಲೂ ಇಲ್ಲ.

ಬಸ್ಸಿನ ಖರ್ಚು ಇರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳು ಸರಕಾರಿ ಸಾದಾ ಬಸ್ಸು, ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಂದೆಲ್ಲಿಗೆ ಬೇಕಾದರೂ ಶೂನ್ಯ ಚೀಟಿ ಪಡೆದು ಹೋಗಬಹುದು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಅದು ನಡೆಯುವುದಿಲ್ಲ. ಗುರುತಿನ ಚೀಟಿ ಮರೆಯಬಾರದು. ಇದರ ಬಗ್ಗೆ ಕಟ್ಟೆಯ ಮೇಲೆ ಏನೇನೋ ಚರ್ಚೆ ನಡೆಯುತ್ತವೆ. ನಾನು ಹೇಳುವುದು ಇಷ್ಟೇ: ಗೆಳತಿಯನ್ನು ನೋಡಲು ಹೋಗುತ್ತೇನೆ ಎಂದು ಬಸ್ಸಿನ ರೊಕ್ಕ ಕೇಳುವ ಧೈರ್ಯ ಎಷ್ಟೋ ಮಂದಿಗೆ ಇರಲಿಲ್ಲ. ಈಗ ಕೇಳಬೇಕಾಗಿಲ್ಲ.

2025ರ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ ಹೊರಟೆವು. ಯರಗಟ್ಟಿ, ಸವದತ್ತಿ, ಧಾರವಾಡ ಹಾಯ್ದು ಹುಬ್ಬಳ್ಳಿ. ಅಲ್ಲಿ ಉಳಿದವರು ಕೂಡಿಕೊಂಡರು. ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಕುಮಟಾ, ಹೊನ್ನಾವರ. ಘಟ್ಟದ ತಿರುವುಗಳಲ್ಲಿ ಇಬ್ಬರಿಗೆ ವಾಂತಿಯಾಯಿತು. ಆದರೂ ಬಾಯಿ ಮುಚ್ಚಿದವರು ಯಾರೂ ಇಲ್ಲ.

ಶರಾವತಿಯ ಮೇಲೆ

ಹೊನ್ನಾವರ ಶರಾವತಿ ನದಿ ಸಮುದ್ರ ಕೂಡುವ ಊರು. ನಮ್ಮ ಘಟಪ್ರಭಾ ಗೋಕಾಕದಲ್ಲಿ 52 ಮೀಟರು ಧುಮುಕಿ ಮೂಡಣಕ್ಕೆ ಹೋಗಿ ಕೃಷ್ಣೆಯನ್ನು ಸೇರುತ್ತಾಳೆ. ಶರಾವತಿ ಜೋಗದಲ್ಲಿ 253 ಮೀಟರು ಧುಮುಕಿ ಪಡುವಣಕ್ಕೆ ಹೋಗಿ ಕಡಲು ಸೇರುತ್ತಾಳೆ. ಇಬ್ಬರೂ ಜಲಪಾತದ ಹೆಣ್ಣುಮಕ್ಕಳೇ. ಕೊಟ್ಟ ಮನೆ ಮಾತ್ರ ಬೇರೆ ಬೇರೆ. ಬೇಸಿಗೆಯಲ್ಲಿ ನಮ್ಮ ಹೊಳೆ ಸೊರಗುತ್ತದೆ. ಶರಾವತಿ ಹಾಗಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ವಿದ್ಯುತ್ತು ಮಾಡಿಕೊಟ್ಟು ಕೆಳಗೆ ಹರಿದು ಬರುತ್ತದೆ. ಅದರ ಮೇಲೆ ಸಮುದ್ರದ ಉಬ್ಬರದ ನೀರೂ ಏರುತ್ತದೆ. ಹಾಗಾಗಿ ಹೊನ್ನಾವರದ ಹತ್ತಿರ ಹೊಳೆ ಅಗಲವಾಗಿ, ಕೆರೆಯ ಹಾಗೆ ನಿಧಾನವಾಗಿ ಇರುತ್ತದೆ. ಇದರ ಮೇಲಿರುವ ಕೊಂಕಣ ರೈಲ್ವೆಯ ಸೇತುವೆ 2 ಕಿಲೋಮೀಟರಿಗೂ ಉದ್ದ. ಆ ದಾರಿಯಲ್ಲೆಲ್ಲ ಇದೇ ದೊಡ್ಡದು.

ನೆರಳಿನ ಚಪ್ಪರ ಇದ್ದ ಮೋಟಾರು ದೋಣಿ. ಬೆಳಿಗ್ಗೆ ಎಂಟೂವರೆಗೆ ಹತ್ತಿದೆವು. ದಂಡೆಯಲ್ಲಿ ತೆಂಗು, ನಡುವೆ ಪುಟ್ಟ ಪುಟ್ಟ ನಡುಗಡ್ಡೆ, ನೀರಿನಂಚಿನಲ್ಲಿ ಕಾಂಡ್ಲಾ ಗಿಡಗಳು. ಕಾಂಡ್ಲಾ ಎಂದರೆ ಉಪ್ಪುನೀರಿನಲ್ಲೇ ಬೆಳೆಯುವ ಗಿಡ. ಉಸಿರಾಡಲಿಕ್ಕೆ ಬೇರುಗಳನ್ನು ಕೆಸರಿನ ಮೇಲೆ ಎತ್ತಿಕೊಂಡಿರುತ್ತದೆ. ಮೀನು ಸಿಗಡಿಗಳ ಮರಿಗಳು ಆ ಬೇರುಗಳ ನಡುವೆ ಬೆಳೆಯುತ್ತವೆ. ನೆಲ ಕೊಚ್ಚಿಹೋಗದಂತೆ ಹಿಡಿದಿಡುವುದೂ ಅದೇ. ಆಚೆ ದಂಡೆಯ ಕಾಸರಕೋಡಿನಲ್ಲಿ ಈ ಕಾಂಡ್ಲಾ ಕಾಡಿನೊಳಗೆ ನಡೆದು ನೋಡಲು ಹಲಗೆಯ ದಾರಿ ಮಾಡಿದ್ದಾರೆ. (ಇದು ಕೇರಳದ ಕಾಸರಗೋಡಲ್ಲ, ಹೊನ್ನಾವರದ್ದು.)

ಹೊಳೆಯ ಮೇಲ್ಭಾಗಕ್ಕೆ ಗೇರುಸೊಪ್ಪೆ. ಅಲ್ಲಿ 1552ರಿಂದ 1606ರವರೆಗೆ ರಾಣಿ ಚೆನ್ನಭೈರಾದೇವಿ ಆಳಿದಳು. ಘಟ್ಟದ ಮೆಣಸಿನ ವ್ಯಾಪಾರ ಆಕೆಯ ಕೈಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ನಮ್ಮ ಕಡೆಯವರಿಗೆ ಕಿತ್ತೂರು ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಗೊತ್ತು. ಈ ತಾಯಿಯೂ ಗೊತ್ತಿರಲಿ ಎಂದು ಶಿಕ್ಷಕಿ ಗೆಳತಿ ಇದನ್ನೆಲ್ಲ ಹೇಳಿದಳು. "ಸಾಲ್ಯಾಗ ಪಾಠ ಮಾಡೂದು ಇನ್ನೂ ಬಿಡಲಿಲ್ಲೇನ ಈಕಿ" ಎಂದು ಒಬ್ಬಾಕೆ ಅಂದಳು. ಎಲ್ಲರೂ ನಕ್ಕೆವು.

ಮೊದಲ ಅರ್ಧ ಗಂಟೆ ಮಕ್ಕಳ ಮಾತು. ಯಾರ ಮಗ ಇಂಜಿನಿಯರು, ಯಾರ ಮಗಳಿಗೆ ವರ ನೋಡುತ್ತಿದ್ದಾರೆ. ಆಮೇಲೆ ಅದು ಮುಗಿಯಿತು. ದೋಣಿಯಲ್ಲಿ ಬೇರೆ ಕೆಲಸ ಇಲ್ಲವಲ್ಲ. ಆಗ ನಿಜವಾದ ಮಾತು ಹೊರಬಂದವು. ಒಬ್ಬಾಕೆಗೆ ಗರ್ಭಕೋಶದ ಆಪರೇಷನ್ ಆಗಿತ್ತು, ತವರಿಗೂ ಹೇಳಿರಲಿಲ್ಲ. ಇನ್ನೊಬ್ಬಾಕೆ ಗಂಡ ಕುಡಿಯುವುದನ್ನು 20 ವರ್ಷ ಮುಚ್ಚಿಟ್ಟಿದ್ದಳು. ನಾವು ಬುದ್ಧಿ ಹೇಳಲಿಲ್ಲ, ಕೇಳಿದೆವು. ಹೊನ್ನಾವರದಾಕೆ ಮಾತ್ರ ಆಕೆಯ ಕೈ ಹಿಡಿದುಕೊಂಡು ಕೂತಿದ್ದಳು.

ಸೋದರಿಯರೇ, ನಾನು ಈ ಅಂಕಣದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇನ್ನೊಂದಿದೆ. ನಮ್ಮಲ್ಲಿ ಒಬ್ಬಾಕೆಯ ಗಂಡ 2021ರಲ್ಲಿ ಕೊರೋನಾದಲ್ಲಿ ತೀರಿಕೊಂಡರು. ಅಂದಿನಿಂದ ಆಕೆ ಯಾರ ಮನೆಗೂ ಹೋಗುತ್ತಿರಲಿಲ್ಲ. ಯಾಕೆ ಎಂದು ನಿಮಗೆ ಗೊತ್ತು. ನಮ್ಮ ಕಡೆ ಮುತ್ತೈದೆ ಮನೆಗೆ ಬಂದರೆ ಹೋಗುವಾಗ ಅರಿಷಿಣ ಕುಂಕುಮ ಕೊಟ್ಟು ಉಡಿ ತುಂಬುತ್ತಾರೆ. ಆ ಹೊತ್ತಿಗೆ ಇಂಥಾಕೆ ತಾನಾಗಿಯೇ ಎದ್ದು ಹಿತ್ತಲ ಕಡೆ ಹೋಗಬೇಕು. ಯಾರೂ ಹೋಗು ಎನ್ನುವುದಿಲ್ಲ, ಯಾರೂ ಇರು ಎಂದೂ ಅನ್ನುವುದಿಲ್ಲ. ನಾವು 6 ಮಂದಿ ಉಡಿ ತುಂಬಿಸಿಕೊಂಡು, ಆಕೆಯೊಬ್ಬಳು ಹಿತ್ತಲಲ್ಲಿ ನಿಲ್ಲುವುದು ಎಂದಾದರೆ ಅದೆಂಥ ಕೂಟ? ದೋಣಿ ಎಂದಾಗ ಆಕೆ ತಕ್ಷಣ ಒಪ್ಪಿದಳು. ದೋಣಿಗೆ ಹಿತ್ತಲಿಲ್ಲ.

ಹುಬ್ಬಳ್ಳಿಯಾಕೆ ಸಂಕ್ರಾಂತಿಯ ಕುಸುರೆಳ್ಳು ತಂದಿದ್ದಳು. ಹೊನ್ನಾವರದಾಕೆ ಅಬ್ಬಲಿಗೆ ದಂಡೆ ತಂದಿದ್ದಳು. ಕುಸುರೆಳ್ಳು ಎಲ್ಲರ ಕೈಗೂ ಬಂತು. ಹೂವು ಹಂಚುವಾಗ ಆಕೆ ಒಂದು ತುಂಡು ಕಡಿದು, ಏನೂ ಅನ್ನದೆ, ಈಕೆಯ ಕೈಯಲ್ಲೂ ಇಟ್ಟಳು. ಈಕೆ ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಸೇತುವೆಯ ಕೆಳಗೆ ದೋಣಿ ಹಾಯುವಾಗ ಮೇಲೆ ರೈಲು ಹೋಯಿತು. ಎಲ್ಲರೂ ಮೇಲೆ ನೋಡಿದೆವು. ಮತ್ತೆ ಕೆಳಗೆ ನೋಡುವಷ್ಟರಲ್ಲಿ ಹೂವು ಆಕೆಯ ತಲೆಯಲ್ಲಿತ್ತು. ಸಂಜೆ ಬಸ್ ಸ್ಟ್ಯಾಂಡಿಗೆ ಬಂದಾಗ ಇರಲಿಲ್ಲ. ನಾವು ಕೇಳಲಿಲ್ಲ.

ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿ 2022ರ ಮೇ 4ರಂದು ಒಂದು ಠರಾವು ಮಾಡಿತು. ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕಾಲುಂಗುರ ತೆಗೆಸುವುದು ಊರಲ್ಲಿ ಬೇಡ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಪಂಚಾಯತಿಗಳಿಗೂ ಇದೇ ದಾರಿ ಹಿಡಿಯಲು ಹೇಳಿತು. ಒಂದು ಹಳ್ಳಿಗೆ ಆದದ್ದು ನಮ್ಮ ಊರುಗಳಿಗೆ ಯಾಕೆ ಆಗಬಾರದು? ಪಂಚಾಯತಿಯವರು ಮಾಡುವವರೆಗೆ ಗೆಳತಿಯರಾದರೂ ಮಾಡಬಹುದಲ್ಲ. ಒಂದು ತುಂಡು ಹೂವಿಗೆ ಠರಾವು ಬೇಕಾಗಿಲ್ಲ.

ಬಾರದ ಗೆಳತಿ

8 ಮಂದಿ ಭಿಶಿ ಹಾಕಿದ್ದೆವು, ಹೋದವರು 7. ಎಂಟನೆಯಾಕೆಗೆ ಹೊರಡುವ ಹಿಂದಿನ ದಿನ ಮನೆಯಲ್ಲಿ ಬೇಡ ಎಂದರು. ದೋಣಿಯಿಂದ ಆಕೆಗೆ ವಿಡಿಯೋ ಫೋನು ಮಾಡಿದೆವು. ಅಡುಗೆಮನೆಯಲ್ಲಿದ್ದಳು. "ನೀರು ತೋರಸ್ರಿ, ನೀರು ತೋರಸ್ರಿ" ಎಂದಳು. ತೋರಿಸಿದೆವು. ಅಷ್ಟರಲ್ಲಿ ಕುಕ್ಕರಿನ ಸೀಟಿ ಹೊಡೆಯಿತು; "ಆಮ್ಯಾಲ ಮಾಡ್ತೀನಿ" ಎಂದು ಇಟ್ಟಳು. ಆಕೆಯ ಪಾಲಿನ 2,000 ವಾಪಸು ಕೊಡಲು ಹೋದರೆ ತಗೊಳ್ಳಲಿಲ್ಲ. "ಮುಂದಿನ ಸಲಕ್ಕ ಇರಲಿ" ಎಂದಳು.

ಇದರಿಂದ ನಾವು ಕಲಿತ ಮಾತು: ಮನೆಯಲ್ಲಿ "ಹೋಗಲೇನು?" ಎಂದು ಕೇಳಬೇಡಿ. ಆ ಪ್ರಶ್ನೆಗೆ "ಬೇಡ" ಎಂಬ ಉತ್ತರ ಬಹಳ ಸುಲಭ. ಒಂದು ತಿಂಗಳು ಮೊದಲೇ ತಾರೀಖು ಹೇಳಿ. ಯಾರ ಜೊತೆ, ಎಲ್ಲಿ ಇಳಿದುಕೊಳ್ಳುವುದು, ಯಾವ ಬಸ್ಸಿಗೆ ವಾಪಸು, ಎರಡು ದಿನ ಅಡುಗೆ ಯಾರದು, ಎಲ್ಲ ಹೇಳಿ. ಇಬ್ಬರು ಗೆಳತಿಯರ ಫೋನು ನಂಬರು ಬರೆದು ಗೋಡೆಗೆ ಹಚ್ಚಿ. ಅತ್ತೆಯವರನ್ನು ನಿಮ್ಮ ಕಡೆ ಮಾಡಿಕೊಳ್ಳಿ. ಅವರಿಗೂ ಒಂದು ಕಾಲಕ್ಕೆ ಗೆಳತಿಯರಿದ್ದರು. ಅವರ ಹೆಸರೇನಿತ್ತು ಎಂದು ಒಮ್ಮೆ ಕೇಳಿ ನೋಡಿ. ಆಮೇಲೆ ಅವರೇ "ಹೋಗಿ ಬಾರವಾ" ಎನ್ನುತ್ತಾರೆ.

ದೋಣಿ ಹತ್ತುವ ಮುಂಚೆ

ಬಯಲುಸೀಮೆಯ ನಮಗೆ ನೀರಿನ ಅಂದಾಜು ಇಲ್ಲ. ಅದಕ್ಕೇ ಎಚ್ಚರ ಬೇಕು. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆಯಿಂದ ವಾಪಸು ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಹಾವೇರಿ ಜಿಲ್ಲೆಯವರೂ ಅದರಲ್ಲಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಹೊತ್ತು ಮುಳುಗಿದ ಮೇಲೂ ಮಿತಿ ಮೀರಿ ಜನರನ್ನು ಹತ್ತಿಸಿಕೊಂಡು ಹೋದ ದೋಣಿ ಮುಳುಗಿ 22 ಜನ ಹೋದರು. ಆದ್ದರಿಂದ ಈ ಮಾತುಗಳನ್ನು ನೆನಪಿಡಿ:

1. ಜೀವರಕ್ಷಕ ಜಾಕೀಟು ಇಲ್ಲದ ದೋಣಿ ಹತ್ತಬೇಡಿ. ಅದನ್ನು ಕಾಲಡಿ ಇಟ್ಟುಕೊಳ್ಳುವುದಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ತೊಟ್ಟು, ಪಟ್ಟಿ ಬಿಗಿಯಿರಿ. ಫೋಟೋ ಚಂದ ಬರುವುದಿಲ್ಲ ಎಂದು ತೆಗೆಯಬೇಡಿ.

2. ಎಷ್ಟು ಜನರ ದೋಣಿ ಎಂದು ಕೇಳಿ, ತಲೆ ಎಣಿಸಿ. "ಇನ್ನೂ ನಾಲ್ಕು ಜನ ಹಿಡೀತದ" ಎಂದರೆ ಇಳಿದುಬಿಡಿ.

3. ಫೋಟೋ ತೆಗೆಯಲು ಎಲ್ಲರೂ ಒಂದೇ ಬದಿಗೆ ಹೋಗಬೇಡಿ. ದೋಣಿ ಮಗುಚುವುದು ಹೀಗೆಯೇ.

4. ಹೊಳೆ ಸಮುದ್ರ ಕೂಡುವ ಅಳಿವೆಯ ಬಾಯಿಗೆ ಒಯ್ಯಿರಿ ಎಂದು ಹಟ ಹಿಡಿಯಬೇಡಿ. ಅಲ್ಲಿ ಅಲೆಯೂ ಮರಳುದಿಬ್ಬವೂ ಮೋಸ ಮಾಡುತ್ತವೆ.

5. ಮಳೆಗಾಲದಲ್ಲಿ ಬೇಡ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಹತ್ತಿ, ಬಿಸಿಲು ಏರುವ ಮುಂಚೆ ಇಳಿಯಿರಿ.

6. ಚಿಕ್ಕ ದೋಣಿಗಳಲ್ಲಿ ಪಾಯಖಾನೆ ಇರುವುದಿಲ್ಲ. ಮೊದಲೇ ಮುಗಿಸಿಕೊಳ್ಳಿ. ಅದಕ್ಕೆ ಹೆದರಿ ನೀರು ಕುಡಿಯದೆ ಇರಬೇಡಿ. ಸಕ್ಕರೆ ಕಾಯಿಲೆಯವರು ಹಸಿದುಕೊಂಡು ಹತ್ತಬೇಡಿ.

7. ತಲೆ ತಿರುಗುವವರು ದೋಣಿಯ ನಡುಭಾಗದಲ್ಲಿ ಕೂತು ದೂರದ ದಂಡೆ ನೋಡಿ. ಬಾಯಲ್ಲಿ ಒಂದು ಚೂರು ಹಸಿಶುಂಠಿ ಇರಲಿ.

8. ದರವನ್ನು ಮೊದಲೇ ಮಾತಾಡಿ. ತಲೆಗೆ ಎಷ್ಟು, ಗಂಟೆಗೆ ಎಷ್ಟು ಎಂದು ಸ್ಪಷ್ಟ ಮಾಡಿಕೊಳ್ಳಿ. ಬಂಗಾರ ಮನೆಯಲ್ಲಿರಲಿ.

ಹೊನ್ನಾವರ ದೂರ ಎನ್ನುವವರಿಗೆ ಆಲಮಟ್ಟಿ ಇದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು. ನಮ್ಮ ಘಟಪ್ರಭಾ ಕೃಷ್ಣೆಯನ್ನು ಕೂಡುವುದೂ ಅದರ ಹಿನ್ನೀರಿನಲ್ಲೇ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಆ ನೀರಿಗೆ ಹೋಗಿ, ಅಲ್ಲಿನ ನೆರೆಹೊರೆಯ ಗೆಳತಿಯರೂ ಚದುರಿದ್ದಾರೆ. ಅಲ್ಲಿಯ ಉದ್ಯಾನಗಳಲ್ಲಿ ದೋಣಿವಿಹಾರದ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಸಿಗಂದೂರಿನ ಲಾಂಚಿನ ಆಸೆ ಇಟ್ಟುಕೊಂಡವರಿಗೆ ಒಂದು ಮಾತು: 2025ರ ಜುಲೈ 14ರಂದು ಅಲ್ಲಿಯ ಸೇತುವೆ ಉದ್ಘಾಟನೆಯಾಯಿತು. ಲಾಂಚಿಗೆ ಪಾಳಿ ಹಚ್ಚಿ ಕಾಯುವ ಕಾಲ ಮುಗಿಯಿತು. ರೊಕ್ಕ ಹೆಚ್ಚು ಕೂಡಿದವರು ಕೇರಳದ ಆಲಪ್ಪುಳದ ದೋಣಿಮನೆಗೆ ಹೋಗಬಹುದು. ಹಿಂದೆ ಭತ್ತ ಸಾಗಿಸುತ್ತಿದ್ದ ದೋಣಿಗಳ ಮಾದರಿಯವೇ ಅವು. ಆದರೆ ಅಲ್ಲಿಗೆ ಶಕ್ತಿ ಬಸ್ಸಿಲ್ಲ!

ಬುತ್ತಿಗೆ ಶೇಂಗಾ ಹೋಳಿಗೆ

ಈಗ ಅಡುಗೆಯ ಮಾತು. ಎಲ್ಲರೂ ಒಂದೊಂದು ತನ್ನಿ, ಯಾರೂ ಎರಡು ತರಬೇಡಿ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆಂಪು ಖಾರ, ಇವು ಕೆಡುವುದಿಲ್ಲ. ಕರದಂಟು ಒಯ್ದರೆ ಗೋಕಾಕದ್ದು ಮೇಲೋ ಅಮೀನಗಡದ್ದು ಮೇಲೋ ಎಂಬ ಜಗಳಕ್ಕೆ ತಯಾರಾಗಿ ಹೋಗಿ. ನನ್ನ ಪಾಲಿಗೆ ಬಂದದ್ದು ಶೇಂಗಾ ಹೋಳಿಗೆ. ವಿಧಾನ ಹೀಗಿದೆ:

ಬೇಕಾಗುವ ಸಾಮಾನು: ಶೇಂಗಾ 2 ಬಟ್ಟಲು, ಪುಡಿ ಮಾಡಿದ ಬೆಲ್ಲ ಒಂದೂವರೆ ಬಟ್ಟಲು, ಹುರಿದ ಎಳ್ಳು 2 ಚಮಚ, ಏಲಕ್ಕಿ 4, ಗೋಧಿಹಿಟ್ಟು 1 ಬಟ್ಟಲು, ಚಿರೋಟಿ ರವೆ ಅರ್ಧ ಬಟ್ಟಲು, ಉಪ್ಪು ಒಂದು ಚಿಟಿಕೆ, ಎಣ್ಣೆ 3 ಚಮಚ, ಬೇಯಿಸಲು ಸ್ವಲ್ಪ ತುಪ್ಪ.

ಮಾಡುವ ವಿಧಾನ: ಹಿಟ್ಟು, ರವೆ, ಉಪ್ಪು ಕೂಡಿಸಿ ನೀರು ಹಾಕಿ ಮೆತ್ತಗೆ ಕಲಸಿ, ಎಣ್ಣೆ ಹಾಕಿ ನಾದಿ ಒಂದು ತಾಸು ಮುಚ್ಚಿಡಿ. ಶೇಂಗಾವನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ. ಬಹಳ ಹೊತ್ತು ತಿರುವಿದರೆ ಎಣ್ಣೆ ಬಿಡುತ್ತದೆ, ನೋಡಿಕೊಳ್ಳಿ. ಬೆಲ್ಲ, ಎಳ್ಳು, ಏಲಕ್ಕಿ ಪುಡಿ ಕೂಡಿಸಿ, ನೀರು ಚಿಮುಕಿಸಿ ಉಂಡೆಗೆ ಬರುವಷ್ಟು ಮಾತ್ರ ಹದ ಮಾಡಿ. ಕಣಕದಲ್ಲಿ ಉಂಡೆ ತುಂಬಿ, ಒಣಹಿಟ್ಟಿನಲ್ಲಿ ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಇದ್ದಾಗ ತುಂಬಿದರೆ ಬೆವೆತು ಬೂಸು ಬರುತ್ತದೆ. ನೀರು ಕಡಿಮೆ ಹಾಕಿದ್ದರೆ ಒಂದು ವಾರ ಇರುತ್ತದೆ.

ದೋಣಿಯಲ್ಲಿ ತಿಂದ ಮೇಲೆ ಕಾಗದ, ಪ್ಲಾಸ್ಟಿಕ್ಕು ಹೊಳೆಗೆ ಎಸೆಯಬೇಡಿ. ಚೀಲದಲ್ಲಿ ವಾಪಸು ತನ್ನಿ.

ಗದಗಿನ ಸೋದರಿಗೆ ಕೊನೆಯ ಮಾತು. ನಿಮ್ಮ 6 ಮಂದಿಯಲ್ಲಿ ಮೊದಲು ಒಬ್ಬಾಕೆಯನ್ನು ಹುಡುಕಿ. ಆಕೆ ಇನ್ನೊಬ್ಬಾಕೆಯನ್ನು ಹುಡುಕುತ್ತಾಳೆ. ಈ ತಿಂಗಳೇ ಭಿಶಿ ಶುರು ಮಾಡಿ, ಅದು ನೂರು ರೂಪಾಯಿಯದಾದರೂ ಸರಿ. ರೊಕ್ಕ ಹಾಕಿದಾಕೆ ಬರುತ್ತಾಳೆ. ನಮ್ಮ ಭಿಶಿಯೂ ಮತ್ತೆ ಶುರುವಾಗಿದೆ. ಎಂಟನೆಯಾಕೆ ಈ ಸಲ ತಾರೀಖನ್ನು ತಾನೇ ಗೊತ್ತು ಮಾಡಿದ್ದಾಳೆ. ಮನೆಯಲ್ಲಿ ಈಗಾಗಲೇ ಹೇಳಿಯೂ ಆಗಿದೆಯಂತೆ.